ಮುಂದಿನ ರಟ್ಟು, ಹಿಂದಿನ ರಟ್ಟು

ಬೈಂಡರ್: ತಪ್ಪು ನಿಮ್ಮ ಪಾರಸಿ ಭಾಷೇದು ಸ್ವಾಮಿ, ನನ್ನ ರಟ್ಟಿನದಲ್ಲ!

ಪಂಡಿತ: ಭಾಷೆ ಸಾವಿರ ವರ್ಷದಿಂದ ಬಲಗಡೆಯಿಂದ ಎಡಗಡೆಗೇ ಹೋಗ್ತಿದೆ ಕಣಯ್ಯಾ! ಪುಸ್ತಕ ತೆರೆಯೋದೂ ಆ ಕಡೆಯಿಂದಲೇ. ನೀನು ಹೆಸರನ್ನ ಹಿಂದಿನ ರಟ್ಟಿನ ಮೇಲೆ ಒತ್ತಿದೀಯ!

ಬೈಂಡರ್: ಮೂವತ್ತು ವರ್ಷದಿಂದ ರಟ್ಟು ಕಟ್ತಿದೀನಿ. ಹೆಸರು ಹಿಂದೆ ಬೇಕು ಅನ್ನೋ ಗಿರಾಕೀನ ಇವತ್ತೇ ನೋಡಿದ್ದು!

ಅಂಗಡಿಯೂ ಮನೆಯೂ ಒಂದೇ ಆದ ಆ ಕೋಣೆಯಲ್ಲಿ ಮುನ್ನೂರು ಪ್ರತಿಗಳು ಸೂರು ಮುಟ್ಟುವಂತೆ ನಿಂತಿದ್ದವು. ಅವುಗಳ ಚಿನ್ನದಕ್ಷರ ನೋಡಿದರೆ ಬೈಂಡರನ ಎದೆ ಉಬ್ಬುತ್ತಿತ್ತು. ಪಂಡಿತನ ಮುಖ ನೋಡಿದರೆ ಮೈ ಉರಿಯುತ್ತಿತ್ತು. ಹಳೆಯ ಪಾರಸಿ ಕಾವ್ಯವೊಂದನ್ನು ಹಸ್ತಪ್ರತಿಗಳಿಂದ ಎತ್ತಿ ತಿದ್ದಲು ಪಂಡಿತ ಇಪ್ಪತ್ತಮೂರು ವರ್ಷ ಕಣ್ಣು ಸವೆಸಿದ್ದ. ಮೊದಲ ಪ್ರತಿ ಆ ಸಂಜೆಯೇ ಅವನ ತೊಂಬತ್ತು ವರ್ಷದ ಗುರುವಿನ ಕೈ ಸೇರಬೇಕಿತ್ತು.

ಪಂಡಿತ: ಗುರುಗಳು ನನಗೆ ಒಂದೇ ಒಂದು ಸಲಾನೂ ಭೇಷ್ ಅಂದಿಲ್ಲ. ಇವತ್ತಾದ್ರೂ ಅನ್ನಿಸ್ಕೊಳ್ಳೋಣ ಅಂತಿದ್ದೆ. ಈಗ ರಟ್ಟು ತೆಗೆದ ಕೂಡಲೇ ಕಾಣೋದೇನು? ಕಾವ್ಯವಲ್ಲ, ಕೊನೇಲಿರೋ ತಪ್ಪೊಪ್ಪಿನ ಪಟ್ಟಿ! ಪ್ರೂಫ್ ನೋಡುವಾಗ ನಾನು ಬಿಟ್ಟ ಇನ್ನೂರ ಹನ್ನೊಂದು ತಪ್ಪು!

ಬೈಂಡರ್: ನಮೂನೆ ತೋರಿಸಿದಾಗ ಸರಿ ಅಂತ ತಲೆ ಆಡಿಸಿದ್ರಲ್ಲ?

ಪಂಡಿತ: ಅದರ ಮೇಲೆ ಹೆಸರೇ ಇರಲಿಲ್ಲ!

ಬೈಂಡರ್: ನಿಮ್ಮ ಮೇಲೆ ತಲೆ ಇತ್ತಲ್ಲ!

ಪಂಡಿತ: ರಟ್ಟು ಕಿತ್ತು, ತಿರುಗಿಸಿ ಅಂಟಿಸು.

ಬೈಂಡರ್: ತಿರುಗಿಸಿದ್ರೆ ಹೆಸರು ತಲೆಕೆಳಗಾಗತ್ತೆ. ಗುರುಗಳು ಈ ವಯಸ್ಸಲ್ಲಿ ಶೀರ್ಷಾಸನ ಹಾಕ್ತಾರಾ?

ಪುಸ್ತಕದ ಗೋಡೆಯ ಆಚೆಯಿಂದ ಬೈಂಡರನ ಹೆಂಡತಿ ತಲೆ ತೂರಿಸಿದಳು. ಹದಿನೈದು ದಿನದಿಂದ ಅವಳು ಅಡುಗೆಮನೆಗೆ ಅಡ್ಡಡ್ಡವಾಗಿಯೇ ನುಸುಳಿ ಹೋಗುತ್ತಿದ್ದಳು.

ಹೆಂಡತಿ: ಅಣ್ಣಾ, ಪುಸ್ತಕ ಕೈಗೆ ಬಂದ್ರೆ ನಿಮ್ಮ ಗುರುಗಳು ಮೊದಲು ಏನು ನೋಡ್ತಾರೆ?

ಪಂಡಿತ: (ದನಿ ಇಳಿಸಿ) ತಪ್ಪಿನ ಪಟ್ಟೀನೇ. ಅದು ಸಿಗದಿದ್ರೆ, ತಪ್ಪು ಮುಚ್ಚಿಟ್ಟಿದಾನೆ ಅಂತ ಪುಸ್ತಕಾನೇ ಎಸೀತಾರೆ.

ಹೆಂಡತಿ: ಮತ್ತೆ? ನಮ್ಮನೆಯವರು ಅದನ್ನೇ ಎದುರಿಗಿಟ್ಟಿದಾರೆ. ಪಾಪ, ಮುದುಕರಿಗೆ ಹುಡುಕೋ ಕಷ್ಟ ತಪ್ಪಿತು. ತಗೊಂಡು ಹೋಗಿ, ನಾನೂ ನೆಟ್ಟಗೆ ನಡೀಬೇಕು.

ಪಂಡಿತನ ಮುಖ ಅರಳಿತು.

ಪಂಡಿತ: ಹೌದಲ್ಲಮ್ಮ! ಹೀಗೇ ಇರಲಿ ಕಣಯ್ಯಾ. ಕಟ್ಟಿಕೊಡು.

ಬೈಂಡರ್: ಆಗಲ್ಲ! ತಪ್ಪಿರೋ ಮಾಲು ನನ್ನ ಅಂಗಡಿಯ ಹೊಸಿಲು ದಾಟಲ್ಲ. ಲೇ, ಚಾಕು ತಾರೇ!

ಪಂಡಿತ: ಈಗ ತಾನೆ ತಪ್ಪೇ ಇಲ್ಲ ಅಂತಿದ್ದೆ!

ಬೈಂಡರ್: ನೀವು ಜಗಳ ಆಡ್ತಿದ್ರಿ, ಅದಕ್ಕೆ ಇರಲಿಲ್ಲ. ಈಗ ಒಪ್ಕೊಂಡ್ರಿ, ಇದೆ!

ಪಂಡಿತ ಎರಡೂ ಕೈ ಚಾಚಿ ಪುಸ್ತಕದ ರಾಶಿಯನ್ನು ತಬ್ಬಿಕೊಂಡ. ಹೆಂಡತಿ ಚಾಕುವಿನ ಬದಲು ಪೆನ್ನು ತಂದು ಪಂಡಿತನ ಕೈಗಿಟ್ಟಳು.

ಹೆಂಡತಿ: ಇನ್ನೂರ ಹನ್ನೊಂದು ಹಿಡಿಸಿದ ಪಟ್ಟೀಲಿ ಇನ್ನೊಂದು ಹಿಡಿಸಲ್ವಾ ಅಣ್ಣಾ?

ಪಂಡಿತ ಗುರುವಿನ ಪ್ರತಿ ತೆರೆದು, ಪಟ್ಟಿಯ ಕೊನೆಗೆ ಕನ್ನಡದಲ್ಲೇ ಮುತ್ತು ಪೋಣಿಸಿದಂತೆ ಬರೆದ: ‘೨೧೨. ರಟ್ಟು: ಮುಂದೆ ಎಂದಿರುವಲ್ಲಿ ಹಿಂದೆ ಎಂದು ಓದಿಕೊಳ್ಳಿ.’

ಬೈಂಡರ್ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ. ಪಟ್ಟಿಯ ಉದ್ದವನ್ನು ಮೇಲಿನಿಂದ ಕೆಳಗಿನವರೆಗೂ ಅಳೆದು ನೋಡಿದ. ಆಮೇಲೆ ಹಾಯಾಗಿ ಸ್ಟೂಲು ಎಳೆದುಕೊಂಡು ಕೂತ.

ಬೈಂಡರ್: ಇನ್ನೂರ ಹನ್ನೊಂದು ನಿಮ್ಮದು, ಒಂದು ನನ್ನದು. ಈಗ ಹೇಳಿ ಸ್ವಾಮಿ, ಕೂಗಾಡೋ ಸರದಿ ಯಾರದ್ದು?