ಕುದುರೆಗೆ ಬಹುವಚನ

ನಮ್ಮ ಯಜಮಾನರು ತಮ್ಮ ಇಡೀ ಜೀವಮಾನದಲ್ಲಿ “ಬನ್ನಿ, ಹೋಗಿ” ಅಂತ ಮನಸಾರೆ ಮರ್ಯಾದೆ ಕೊಟ್ಟು ಮಾತಾಡಿಸಿದ್ದು ಒಬ್ಬರನ್ನೇ. ಆ ಒಬ್ಬರಿಗೆ ನಾಲ್ಕು ಕಾಲಿದ್ದವು. ಅದರಲ್ಲಿ ಒಂದು ಕುಂಟುತ್ತಿತ್ತು.

ಯಜಮಾನರ ಹೆಸರೇನು ಅಂತ ಮಾತ್ರ ಕೇಳಬೇಡಿ. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದೆ ಅಂತ ನಮ್ಮ ಕಾಲದಲ್ಲಿ ಹೇಳಿಕೊಟ್ಟಿದ್ದರು. ಸಿಟ್ಟು ಬಂದಾಗ ಎರಡು ಮೂರು ಸಲ ಗಟ್ಟಿಯಾಗಿ ಹೇಳಿಯೇಬಿಡೋಣ ಅನ್ನಿಸಿದ್ದುಂಟು! ಹೇಗೋ ಬಾಯಿ ಕಟ್ಟಿಕೊಂಡೆ.

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ನಮ್ಮ ಮನೆ. ನಡುಮನೆಯಲ್ಲಿ ಗುಂಡಿಮಗ್ಗ. ಇವರು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ ನಮಗೆ ಕಾಣುತ್ತಿದ್ದುದು ಸೊಂಟದಿಂದ ಮೇಲಿನ ಭಾಗ ಮಾತ್ರ. ಅಷ್ಟೇ ಸಾಕಿತ್ತು ಬಿಡಿ, ಬಾಯಿ ಇರುವುದು ಮೇಲಿನ ಭಾಗದಲ್ಲೇ ತಾನೆ! ಅಲ್ಲಿ ಕೂತೇ ಊರನ್ನೆಲ್ಲ ಏಕವಚನದಲ್ಲಿ ಆಳುತ್ತಿದ್ದರು. ಸೀರೆ ಕೊಳ್ಳಲು ಬಂದ ಸಾಹುಕಾರರಿಗೆ “ಬಾರೋ, ಕೂತ್ಕೋ”. ಪುರೋಹಿತರಿಗೆ “ಏನಯ್ಯಾ”. ಒಂದು ಸಲ ಸ್ಟೇಷನ್ ಮಾಸ್ಟರಿಗೇ “ಏನಪ್ಪಾ, ರೈಲನ್ನ ಎಲ್ಲಿ ಮರೆತು ಬಂದೆ?” ಅಂತ ಕೇಳಿ ಬಂದಿದ್ದರು. ಸೊಕ್ಕು ಅಂದುಕೊಳ್ಳಬೇಡಿ. ಆ ನಾಲಿಗೆಗೆ ಇನ್ನೊಂದು ಥರ ಹೊರಳುವ ಅಭ್ಯಾಸವೇ ಇರಲಿಲ್ಲ.

ಇನ್ನು ನನಗೆ? “ಏ ಇವಳೇ!” ದೇವನಹಳ್ಳಿ ಹತ್ತಿರದ ನಲ್ಲೂರಿನಿಂದ ನಾನು ಮದುವೆಯಾಗಿ ಬಂದು ಎಂಟು ತಿಂಗಳಾಗಿತ್ತು. ನನಗೂ ಒಂದು ಹೆಸರಿದೆ ಅನ್ನುವ ಸುದ್ದಿ ಅವರಿಗಿನ್ನೂ ತಲುಪಿರಲಿಲ್ಲ.

ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ಓಡಾಡುತ್ತಿದ್ದವು ಅನ್ನುವುದು ಏನೋ ಮರ್ಯಾದೆಗೆ ಹೇಳಿದ ಮಾತು. ಹತ್ತು ಮಾರು ಹೋಗುವುದು, ಕೆಮ್ಮುವುದು, ನಿಲ್ಲುವುದು. ಅಂಥದೊಂದು ಬಸ್ಸು ಒಂದು ಬೆಳಿಗ್ಗೆ ನಮ್ಮ ಬೀದಿಯ ತುದಿಯಲ್ಲಿ ಢಮಾರ್ ಅಂತ ಸದ್ದು ಮಾಡಿತು. ಅಲ್ಲೇ ಇದ್ದ, ಜಟಕಾ ಓಡಿಸುವ ಸಾಹೇಬರ ಹೊಸ ಕುದುರೆ ಬೆದರಿ ಚರಂಡಿಗೆ ಬಿತ್ತು. ಎಡಗಡೆ ಮುಂಗಾಲು ಉಳುಕಿ ಊದಿಕೊಂಡಿತು.

ಮೂರು ವರ್ಷದ ಎಳೆಯ ಕುದುರೆ, ಕಂದು ಬಣ್ಣ. ಸಾಹೇಬರು ಹೊಸಕೋಟೆ ಕಡೆಯಿಂದ ಕೊಂಡು ತಂದು ವಾರವಾಗಿತ್ತು ಅಷ್ಟೆ. ಮೊದಲು ಯಾವ ಪುಣ್ಯಾತ್ಮನ ಕೈಯಲ್ಲಿತ್ತೋ, ಮೈ ತುಂಬ ಚಾಟಿಯ ಬಾಸುಂಡೆ. ಯಾರಾದರೂ ಕೊಡೆ ಬಿಚ್ಚಿದರೆ ಬೆಚ್ಚುತ್ತಿತ್ತು. ಸೀನಿದರೆ ಬೆಚ್ಚುತ್ತಿತ್ತು. ತನ್ನ ಬಾಲ ತನಗೇ ತಾಗಿದರೂ ಬೆಚ್ಚುತ್ತಿತ್ತು!

ದನದ ಡಾಕ್ಟರು ಬಂದು ನೋಡಿದರು. “ಒಂದು ತಿಂಗಳು ನೋಡಿ ಸಾಹೇಬರೇ. ಆಗಲೂ ಕುಂಟಿದರೆ ಗುಂಡು ಹೊಡೆಸಿಬಿಡೋಣ. ನಡೆಯೋಕಾಗದ ಕುದುರೆ ಇಟ್ಕೊಂಡು ಏನ್ಮಾಡ್ತೀರಿ?” ಅಂದರು. ಸಾಹೇಬರು ಪಾಪ, ತಲೆ ಮೇಲೆ ಕೈ ಹೊತ್ತು ಕೂತರು. ಅವರ ಲಾಯದಲ್ಲಿದ್ದುದು ಒಂದೇ ಕುದುರೆಯ ಜಾಗ, ಅಲ್ಲಿ ಮುದಿ ಕುದುರೆ ನಿಂತಿತ್ತು. ನೂಲು ಸಿಗದೆ ಮಗ್ಗ ನಿಲ್ಲಿಸಿ ಬೀದಿ ಸುತ್ತುತ್ತಿದ್ದ ನಮ್ಮವರು ಅಲ್ಲಿ ಹಾಜರಿದ್ದರು. ಇಂಥ ಕಡೆ ಅವರು ಇರದಿರುವುದುಂಟೆ?

“ನಮ್ಮ ಹಿತ್ತಲಿಗೆ ಹೊಡ್ಕೊಂಡು ಬಾ. ತಿಂಗಳೊಳಗೆ ನಡೆಸಿಕೊಡ್ತೀನಿ” ಅಂದುಬಿಟ್ಟರು.

ಕುದುರೆ ನಮ್ಮ ಹಿತ್ತಲಿಗೆ ಬಂದದ್ದು ನೋಡಿ ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು: “ನಿಂಗೆ ಕುದುರೆ ವಿಷಯ ಏನೋ ಗೊತ್ತು? ಹುಟ್ಟಿದಾಗಿಂದ ಲಾಳಿ ಹಿಡಿದಿರೋನು ನೀನು!”

“ಲಾಳಿ ಗೊತ್ತಿರೋನಿಗೆ ಲಾಳ ಗೊತ್ತಾಗಲ್ವೇನಮ್ಮಾ? ಒಂದು ಗುಡಿಸು ತಾನೆ ಹೆಚ್ಚುಕಮ್ಮಿ!”

ಆ ಗುಡಿಸಿನ ಪಾಂಡಿತ್ಯವನ್ನೇ ನಂಬಿಕೊಂಡು ಚಿಕಿತ್ಸೆ ಶುರುವಾಯಿತು. ನನ್ನ ತವರಿನ ಹುಣಸೆ ತೋಪಿನಿಂದ ಎಲೆ ತರಿಸಿ, ಬೇಯಿಸಿ, ಬಿಸಿಬಿಸಿಯಾಗಿ ಕಾಲಿಗೆ ಕಟ್ಟುವುದು. ಬೇಯಿಸುವವಳು ನಾನು, ಬಟ್ಟೆ ಹರಿಯುವವಳು ನಾನು, ಹೊಗೆ ಕುಡಿಯುವವಳು ನಾನು, ವೈದ್ಯರು ಅವರು! ನಮ್ಮಪ್ಪ ಮದುವೆಯಲ್ಲಿ ಕೊಟ್ಟ ಒಂದು ಚೊಂಬನ್ನೂ ಮೆಚ್ಚದಿದ್ದ ಮಹಾನುಭಾವರು ನಲ್ಲೂರಿನ ಹುಣಸೆ ಎಲೆಯನ್ನು ಹೊಗಳಿದ್ದೇ ಹೊಗಳಿದ್ದು.

ಮೂರು ವಾರಕ್ಕೆ ಊತ ಪೂರ್ತಿ ಇಳಿಯಿತು. ಅದುಮಿದರೂ ಕುದುರೆ ಕಾಲು ಎಳೆದುಕೊಳ್ಳುತ್ತಿರಲಿಲ್ಲ. ಆದರೆ ಇವರು ಹಗ್ಗ ಹಿಡಿದು “ಬಾರೋ” ಅಂದರೆ ಸಾಕು, ಮೈಯೆಲ್ಲ ಗಡಗಡ ನಡುಗಿಸಿ, ಎಡಗಾಲು ಮೇಲೆತ್ತಿ, ಮೂರೇ ಕಾಲಲ್ಲಿ ಕುಂಟುತ್ತಿತ್ತು. ಇನ್ನೊಂದು ವಾರ ಮಾತ್ರ ಉಳಿದಿತ್ತು. ಇವರ ಮುಖದಲ್ಲಿ ವೈದ್ಯರ ಕಳೆ ಇಳಿಯತೊಡಗಿತು.

ಆಗ ನಡೆದದ್ದು ಇದು. ಅಂತೂ ನೂಲು ಸಿಕ್ಕಿ, ಒಂದು ಮಧ್ಯಾಹ್ನ ಇವರು ಮಗ್ಗದ ಗುಂಡಿಯಲ್ಲಿದ್ದರು. ಕುದುರೆಯನ್ನು ಹಿತ್ತಲಲ್ಲಿ ಬಿಚ್ಚಿ ಬಿಟ್ಟಿದ್ದೆವು. ನಾನು ಅಡುಗೆಮನೆಯ ಹಿಂಬಾಗಿಲಲ್ಲಿ ಕೈ ತೊಳೆಯುತ್ತ, ದಿನಾ ಕರೆಯುವ ಹಾಗೆ ಕರೆದೆ: “ರೀ, ಊಟಕ್ಕೆ ಬನ್ನಿ!”

ಗಂಡ ಬರುವ ಮೊದಲು ಕುದುರೆ ಬಂತು! ಹಿತ್ತಲ ಚಪ್ಪಡಿ ಕಲ್ಲಿನ ಮೇಲೆ ಟಕ್ ಟಕ್ ಟಕ್ ಟಕ್ ಅಂತ ನಡೆದು ಬಂದು ಬಾಗಿಲಲ್ಲಿ ಮುಖ ತೂರಿಸಿ ನಿಂತಿತು. ನಾನು ಕಿಟಾರನೆ ಕಿರುಚುವುದರಲ್ಲಿದ್ದೆ, ಅಷ್ಟರಲ್ಲಿ ಗುಂಡಿಯೊಳಗಿನಿಂದ ನಮ್ಮವರೇ ಕಿರುಚಿದರು.

“ಏ ಇವಳೇ! ಅದನ್ನೇ ಇನ್ನೊಂದ್ಸಲ ಹೇಳೇ!”

“ಏನನ್ನ?”

“ಈಗ ಹೇಳ್ದೆಯಲ್ಲ, ಅದನ್ನೇ ಕಣೇ!”

“ಊಟಕ್ಕೆ... ಬನ್ನಿ.”

ಟಕ್ ಟಕ್. ಕುದುರೆ ಅಡುಗೆಮನೆಯೊಳಗೇ ಎರಡು ಹೆಜ್ಜೆ ಇಟ್ಟಿತು. ಇವರು ಗುಂಡಿಯಿಂದ ಹಾರಿ ಬಂದರು. ಲಾಳಿ ಒಂದೇ ಒಂದು ಎಳೆ ತಪ್ಪಿದರೂ ಕಣ್ಣು ಮುಚ್ಚಿಕೊಂಡೇ ಹಿಡಿಯುವ ಕಿವಿ ಅದು. “ನಾಲ್ಕೂ ಏಟು ಸಮ ಬಿತ್ತು ಕಣೇ! ಕಾಲು ಯಾವತ್ತೋ ವಾಸಿ ಆಗಿದೆ. ಇದು ಭಯಕ್ಕೆ ಕುಂಟ್ತಿರೋದು” ಅಂದರು. ಹಾಗಾದರೆ ನನ್ನ ಮಾತಿಗೇ ಯಾಕೆ ಬಂತು? ಅದಕ್ಕೂ ಉತ್ತರ ಸಿದ್ಧವಾಗಿತ್ತು.

“‘ಬಾ’ ಅಂದೋರೆಲ್ಲ ಇದಕ್ಕೆ ಹೊಡೆದಿದಾರೆ. ‘ಬನ್ನಿ’ ಅಂದೋರು ಒಬ್ರೂ ಹೊಡೆದಿಲ್ಲ. ಯಾಕಂದ್ರೆ ಯಾರೂ ಅಂದೇ ಇಲ್ವಲ್ಲ!”

ಆ ಕ್ಷಣದಿಂದಲೇ ಮನೆಯಲ್ಲಿ ಕಾಯಿದೆ ಬಂತು. ಹಿತ್ತಲಲ್ಲಿ ಯಾರೂ ಯಾರಿಗೂ ಏಕವಚನ ಆಡಕೂಡದು. ಕುದುರೆಗೆ ಮಾತ್ರವಲ್ಲ, ಒಬ್ಬರಿಗೊಬ್ಬರೂ! ಅದರ ಕಿವಿಗೆ ‘ಲೇ’ ಅನ್ನುವುದು ಬೀಳಲೇಬಾರದು.

ಆಹಾ, ಆ ವೈಭವವನ್ನು ನೀವು ನೋಡಬೇಕಿತ್ತು! “ದಯಮಾಡಿಸಿ ಸ್ವಾಮಿ, ಹುರುಳಿ ತಗೊಳ್ಳಿ. ಬಿಸಿ ಇದೆಯಾ? ಆರಿಸ್ಲಾ?” ಅಂತ ಇವರು ಕುದುರೆಗೆ ಕೇಳುತ್ತಿದ್ದರು. ನನ್ನ ಊಟ ಬಿಸಿಯೋ ತಣ್ಣಗೋ ಕೇಳಿದವರಲ್ಲ ಈ ಮನುಷ್ಯ. ಒಂದು ದಿನ ಹಿತ್ತಲಲ್ಲಿ “ಸ್ವಲ್ಪ ನೀರು ತನ್ನಿ” ಅಂದರು. ಯಾರಪ್ಪಾ ಬಂದವರು ಅಂತ ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ, ಆ ಬಹುವಚನ ನನಗೇ! ಹಿಗ್ಗಿನಿಂದ ಕೊಡ ತುಂಬಿ ತಂದೆ. ಹೊಸಿಲು ದಾಟಿ ಒಳಗೆ ಬಂದ ಮೇಲೆ “ಏ ಇವಳೇ, ಅರ್ಧ ಚೆಲ್ಲಿದೆಯಲ್ಲೇ!” ಅಂದರು. ಹಿತ್ತಲಲ್ಲಿ ರಾಣಿ, ನಡುಮನೆಯಲ್ಲಿ ಇವಳೇ. ಕುದುರೆಯ ಕೃಪೆಯಿಂದ ಬಂದ ಮರ್ಯಾದೆ ಕುದುರೆಯ ಮುಂದೆ ಮಾತ್ರ ಚಲಾವಣೆ.

ಅತ್ತೆಗೂ ನನಗೂ ಜಗಳ ಬಂದರೂ ಇದೇ ಗತಿ.

“ಸೊಸೆಯವರೇ, ಹಾಲು ಉಕ್ಕಿ ಹೋಯ್ತಲ್ಲ, ತಮ್ಮ ಕಣ್ಣು ಎಲ್ಲಿ ಮೇಯ್ತಾ ಇತ್ತು?”

“ತಮ್ಮ ಬೈಗುಳ ಕೇಳ್ತಾ ನಿಂತಿದ್ದೆ ಅತ್ತೆಯವರೇ.”

ಹೇಳಿ, ಇಂಥ ಜಗಳ ಎಷ್ಟು ಹೊತ್ತು ನಡೆದೀತು? ಅತ್ತೆಗೇ ಮೊದಲು ನಗು ಬಂತು. ಗೋಡೆಯ ತಕರಾರು ತೆಗೆದುಕೊಂಡು ಹಿತ್ತಲಿಗೇ ಏರಿ ಬಂದ ಪಕ್ಕದ ಮನೆಯಾತನನ್ನು ಇವರು “ಬನ್ನಿ, ತಾವು ಬಯ್ಯಿರಿ” ಅಂತ ಕೈಮುಗಿದು ಸ್ವಾಗತಿಸಿದರು. ಆತ ಹೆದರಿ, ಇವರಿಗೆ ಏನೋ ಬಡಿದಿದೆ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದ. ಆತ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ. ಅತ್ತೆ ಅಂಗಳದ ಕಾಗೆಗೂ “ಹೋಗಿ, ಹೋಗಿ” ಅನ್ನತೊಡಗಿದ್ದರು!

ಇವರು ದಿನಾ ಬೆಳಿಗ್ಗೆ ಕುದುರೆಯನ್ನು ಕೆರೆ ಏರಿಯ ಮೇಲೆ ನಡೆಸುತ್ತಿದ್ದರು. ಗೊರಸಿನ ಸದ್ದು ಸರಿಯಾಗಿ ಕೇಳಲಿ ಅಂತ ತಾವು ಕಣ್ಣು ಮುಚ್ಚಿಕೊಂಡು ನಡೆಯುತ್ತಿದ್ದರು. ಫಲ ಏನಾಯಿತು ಅಂದರೆ, ನಾಲ್ಕನೆಯ ದಿನ ಕುದುರೆ ನೆಟ್ಟಗೆ ನಡೆದುಕೊಂಡು ಮನೆಗೆ ಬಂತು, ಮೊಣಕಾಲವರೆಗೆ ಕೆಸರಾಗಿ ಕುಂಟಿಕೊಂಡು ಬಂದವರು ಇವರು.

ತಿಂಗಳು ತುಂಬಿದ ದಿನ ಡಾಕ್ಟರು ಸಾಹೇಬರೊಂದಿಗೆ ಬಂದರು. ಕುದುರೆಯನ್ನು ಮನೆ ಮುಂದೆ ಬೀದಿಗೆ ತಂದು ನಿಲ್ಲಿಸಿದ್ದರು. ಜನ ಸೇರಿದರು. ನಾನು ಬಾಗಿಲ ಮರೆಯಲ್ಲಿ ನಿಂತೆ. ಡಾಕ್ಟರು ಬೆತ್ತದಿಂದ ಬೂಟು ತಟ್ಟಿಕೊಂಡು ಗದರಿದರು: “ಲೇ, ನಡೀ!”

ಮುಗಿಯಿತು. ಕುದುರೆ ಮೈ ನಡುಗಿಸಿ ಎಡಗಾಲು ಮೇಲೆತ್ತಿತು.

“ನೋಡಿದ್ರಾ ಸಾಹೇಬರೇ? ಇನ್ನು ಕಾಯೋದ್ರಲ್ಲಿ ಅರ್ಥ ಇಲ್ಲ” ಅಂದರು ಡಾಕ್ಟರು.

ನಮ್ಮವರು ಹೌಹಾರಿ ಮುಂದೆ ಬಂದರು. “ಏ ಡಾಕ್ಟ್ರೇ, ನೀನು ಒಂಚೂರು ಮರ್ಯಾದೆ ಕೊಟ್ಟು ಮಾತಾಡು! ಬನ್ನಿ ಅನ್ನು!”

“ಏನ್ರೀ! ನನ್ನನ್ನ ನೀನು ಅಂತೀರಿ, ಕುದುರೆಗೆ ನಾನು ನೀವು ಅನ್ನಬೇಕಾ?”

ಬೀದಿಗೆ ಬೀದಿಯೇ ನಕ್ಕಿತು. ಡಾಕ್ಟರ ಮುಖ ಕೆಂಪಾಯಿತು. ಆ ನಗುವಿಗೆ, ಆ ಗದ್ದಲಕ್ಕೆ ಕುದುರೆ ಇನ್ನೂ ಬೆದರಿ ಗೋಡೆಗೆ ಒತ್ತಿಕೊಂಡಿತು. ಇವರು ಅದನ್ನು ಕರೆಯಲು ಬಾಯಿ ತೆರೆದರು. ದನಿಯೇ ಹೊರಡಲಿಲ್ಲ. ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ಮನುಷ್ಯನ ತುಟಿ ಮಾತ್ರ ಅಲ್ಲಾಡಿತು.

ಬೀದಿಯ ಗಂಡಸರಿಗೆ ಆವರೆಗೆ ನನ್ನ ದನಿ ಹೇಗಿದೆ ಅಂತಲೇ ಗೊತ್ತಿರಲಿಲ್ಲ. ಹೊಸಿಲ ಮೇಲೆ ಬಂದು ನಿಂತು, ಸೆರಗು ಸರಿಮಾಡಿಕೊಂಡು, ಕೂಗಿಯೇಬಿಟ್ಟೆ: “ಊಟಕ್ಕೆ ಬನ್ನಿ!”

ಕುದುರೆ ಕಿವಿ ನಿಮಿರಿಸಿತು. ಕಾಲು ಕೆಳಗಿಟ್ಟಿತು. ಬೀದಿಯ ಕಲ್ಲಿನ ಮೇಲೆ ನಾಲ್ಕೂ ಗೊರಸು ಊರಿ ನೆಟ್ಟಗೆ ನನ್ನ ಹತ್ತಿರ ನಡೆದು ಬಂತು. ಅದರ ಹಿಂದೆ ನಮ್ಮವರೂ ಬಂದರು. ಅಭ್ಯಾಸಬಲ ನೋಡಿ, ಡಾಕ್ಟರೂ ಒಂದು ಹೆಜ್ಜೆ ಮುಂದಿಟ್ಟುಬಿಟ್ಟಿದ್ದರು! ಮೂರು ಸಲ ನಡೆಸಿ ನೋಡಿದರು. ಕೊನೆಗೆ “ಕಾಲಲ್ಲಿ ಏನೂ ದೋಷ ಇಲ್ಲ” ಅಂತ ಹೇಳಿ, ನಮ್ಮವರ ಕಡೆ ತಿರುಗಿಯೂ ನೋಡದೆ ಹೊರಟುಹೋದರು.

ಸಾಹೇಬರು ಹಗ್ಗ ಹಿಡಿದು ಹೊರಟಾಗ ಇವರು ಎಚ್ಚರಿಕೆಯ ಮೇಲೆ ಎಚ್ಚರಿಕೆ ಹೇಳಿದರು. ಸಾಹೇಬರು ನಕ್ಕರು. “ನಮ್ಮ ಮಾತಲ್ಲಿ ತಾವು ಅನ್ನೋಕೆ ‘ಆಪ್’ ಅಂತ ಇದೆ ಸ್ವಾಮಿ. ಹುಜೂರ್ ಅಂತೀನಿ, ನವಾಬರ ಥರ ನೋಡ್ಕೋತೀನಿ. ಚಿಂತೆ ಬಿಡಿ” ಅಂದರು.

ಚಿಂತೆ ಬಿಡುವುದು ಎಲ್ಲಿಂದ ಬಂತು? ಸಾಹೇಬರು ‘ಆಪ್’ ಅಂದಾರು. ಬೀದಿಯಲ್ಲಿ ಬಸ್ಸು, ಪೋಲೀಸು, ಸಾಮಾನು ಹೊತ್ತು ನುಗ್ಗುವ ಪ್ರಯಾಣಿಕರು, ಇವರೆಲ್ಲ ಯಾವ ವಚನ ಬಳಸುತ್ತಾರೋ! ಎರಡು ದಿನ ಇವರು ಮಗ್ಗದ ಗುಂಡಿಯಲ್ಲಿ ಸುಮ್ಮನೆ ಕೂತಿದ್ದರು. ನೂಲಿತ್ತು, ಲಾಳಿ ಕೈಯಲ್ಲಿತ್ತು, ಮಗ್ಗ ಮಾತ್ರ ಆಡಲಿಲ್ಲ. ಹೊರಗೆ ಜಟಕಾ ಹೋದಾಗಲೆಲ್ಲ ಕೈಯೆತ್ತಿ ನಮ್ಮನ್ನು ಸುಮ್ಮನಾಗಿಸುವುದು, ಕೇಳುವುದು, “ಇದಲ್ಲ” ಅನ್ನುವುದು. ಉಂಡದ್ದು ಅಷ್ಟಕ್ಕಷ್ಟೆ. ನಾನು ಹೊಟ್ಟೆಗೇನಾದರೂ ಹಾಕಿಕೊಳ್ಳಿ ಅಂದರೆ ಕೇಳಿಸಿಕೊಳ್ಳುತ್ತಲೂ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ದೂರದಲ್ಲಿ ಸಾಹೇಬರು ಕುದುರೆಗೆ ನಡೆಯಿರಿ ಅನ್ನುವ ದನಿ ಕೇಳಿತು. “ಚಲಿಯೇ ಹುಜೂರ್, ಚಲಿಯೇ!” ಆಮೇಲೆ ಗಾಡಿ ತುಂಬ ಜನರ ಗಲಾಟೆ. ಇವರು ಕಣ್ಣು ಮುಚ್ಚಿದರು. ಗೊರಸಿನ ಸದ್ದು ಹತ್ತಿರವಾಯಿತು, ನಮ್ಮ ಬಾಗಿಲು ದಾಟಿತು, ಸ್ಟೇಷನ್ ಕಡೆಗೆ ಹೋಯಿತು.

“ನಾಲ್ಕೂ ಸಮ ಬೀಳ್ತಿದೆ ಕಣೇ” ಅಂದರು. “ನಿಂಗೆ ಕೇಳಿಸ್ತಾ?”

ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಬೇಕು ಅನ್ನುವುದೂ ಅವರಿಗೆ ತಿಳಿದಂತಿರಲಿಲ್ಲ.

“ಕೇಳಿಸ್ತು” ಅಂದೆ. ಸುಳ್ಳು. ನನಗೆ ಆ ವ್ಯತ್ಯಾಸ ಅವತ್ತೂ ಗೊತ್ತಾಗಲಿಲ್ಲ, ಇವತ್ತೂ ಗೊತ್ತಾಗುವುದಿಲ್ಲ. ಎಂಟೊಂಬತ್ತು ತಿಂಗಳಿಂದ ಒಳಗೊಳಗೇ ಆಡಿಕೊಂಡು ನಗುತ್ತಿದ್ದ ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು. ಗುಂಡಿಯ ಅಂಚಿನಲ್ಲಿ ಅವರ ಪಕ್ಕ ಕೂತು, ಕೈಯಲ್ಲಿದ್ದ ಲಾಳಿ ಬಿಡಿಸಿ ಕೆಳಗಿಟ್ಟು, ಆ ಕೈ ಹಿಡಿದುಕೊಂಡೆ. ಜಟಕಾದ ಸದ್ದು ಪೂರ್ತಿ ಅಡಗುವ ತನಕ ಬಿಡಲಿಲ್ಲ.