ಚಹಾ ಡಬ್ಬಿಯಲ್ಲಿದ್ದ ಇದ್ದಿಲು

ಬೆಳಕು ಹರಿಯುವ ಮೊದಲೇ ಹಾಲು ಕಾಯಿಸಿ, ಅತ್ತೆಗೆ ಬಿಸಿನೀರು ಕೊಟ್ಟು, ಮಗಳ ಬುತ್ತಿ ಕಟ್ಟಿ, ಗಂಡನ ಅಂಗಿ ಇಸ್ತ್ರಿ ಮಾಡಿ, ಅವನು ಟೀವಿ ಮುಂದೆ ತಿಂದು ಉದುರಿಸಿದ್ದ ಕಡಲೆಕಾಯಿ ಸಿಪ್ಪೆ ಗುಡಿಸಿದಳು. ಸಿಪ್ಪೆಯನ್ನು ಮಾತ್ರ ಎಸೆಯಲಿಲ್ಲ. ಪ್ರಯೋಗಾಲಯದಲ್ಲಿ ಅದನ್ನು ಸುಟ್ಟು ಇದ್ದಿಲು ಮಾಡಿ, ಅದರಲ್ಲಿ ವಿದ್ಯುತ್ ತುಂಬಿಡುವುದೇ ಅವಳ ಕೆಲಸ.

ಇವತ್ತು ನಾಲ್ಕು ಗಂಟೆಗೆ ಅದರಿಂದ ಸಮಿತಿಯೆದುರು ಬಲ್ಬು ಹೊತ್ತಿಸಬೇಕು. ಹೊತ್ತಿಕೊಳ್ಳದಿದ್ದರೆ ಈ ಕೆಲಸ ಪ್ರಯೋಗಾಲಯದ ಪಕ್ಕದ ಮೇಜಿನವನ ಪಾಲು. ಹೋದ ಸಲದ ಇದ್ದಿಲನ್ನು ಕಸವೆಂದು ಎಸೆದ ಮಹಾನುಭಾವ ಅವನೇ. ಅದಕ್ಕೇ ಈ ಸಲದ್ದನ್ನು ಮನೆಗೆ ತಂದು ಭದ್ರ ಜಾಗದಲ್ಲಿಟ್ಟಿದ್ದಳು. ಹನ್ನೆರಡು ವರ್ಷದಲ್ಲಿ ಗಂಡ ಒಮ್ಮೆಯೂ ಮುಟ್ಟದ ಜಾಗ: ಹಳೆಯ ಚಹಾ ಡಬ್ಬಿ.

ಸ್ನಾನ ಮುಗಿಸಿ ಬಂದರೆ ಗಂಡ ಒಲೆಯ ಮುಂದೆ ನಿಂತಿದ್ದಾನೆ!

"ಇವತ್ತು ನಿನಗೆ ದೊಡ್ಡ ದಿನ. ಚಹಾ ನಂದು, ನೀನು ಕೂತ್ಕೋ. ಆದ್ರೆ ಇದೆಂಥಾ ಪುಡಿ ಕಣೇ? ಏಳು ಚಮಚ ಹಾಕ್ದೆ, ಬಣ್ಣವೇ ಬಿಡ್ತಿಲ್ಲ. ಆ ಅಂಗಡಿಯವನಿಗೆ ಸರಿಯಾಗಿ ಬೈತೀನಿ."

"ರೀ, ಅದು ನಿಮ್ಮ ಕಡಲೆಕಾಯಿ ಸಿಪ್ಪೆ."

"ಸಿಪ್ಪೆಯಿಂದ ಚಹಾನಾ?"

ಅತ್ತೆ ಆಗಲೇ ಲೋಟ ಬರಿದು ಮಾಡಿದ್ದರು. "ಚಹಾ ಅಂತೂ ಅಲ್ಲಪ್ಪ. ನೀರು ಮಾತ್ರ ಬಲು ಚೊಕ್ಕ."

ಅಳಲು ಪುರುಸೊತ್ತಿರಲಿಲ್ಲ. ಸೆರಗು ಸಿಕ್ಕಿಸಿ ಡಬ್ಬಿಯ ತಳ ಕೆರೆದಳು. ಸಿಕ್ಕಿದ್ದು ಒಂದೇ ಚಿಟಿಕೆ. ಮೂರು ಸಲ ತೋರಿಸಬೇಕಾದದ್ದು ಈಗ ಒಂದೇ ಸಲ. ಪ್ರಯೋಗಾಲಯಕ್ಕೆ ಓಡಿ, ಅಂಗಿಯ ಗುಂಡಿಯಷ್ಟಗಲದ ಬ್ಯಾಟರಿ ಮಾಡಿ, ನಾಲ್ಕಕ್ಕೆ ಸರಿಯಾಗಿ ಸಮಿತಿಯೆದುರು ತಂತಿ ತಾಗಿಸಿದಳು. ಬಲ್ಬು ಮಿಣಕ್ ಎಂದಿತು, ನಿಂತಿತು, ಹೊತ್ತಿಕೊಂಡಿತು. ಪಕ್ಕದ ಮೇಜಿನವನ ಮುಖ ಮಾತ್ರ ಆರಿತು.

ಸಂಜೆ, ಬೆಳಗಿನ ಸಿಪ್ಪೆ ಸುಟ್ಟು ಮಾಡಿದ ಹೊಸ ಇದ್ದಿಲು ಹಿಡಿದು ಅಡುಗೆಮನೆಗೆ ಬಂದಾಗ ಹೊರಗಿನಿಂದ ಗಂಡನ ದನಿ. "ಇನ್ಮೇಲೆ ಅಡುಗೆಮನೆಗೆ ಕಾಲಿಡಲ್ಲ ಬಿಡೇ. ಅದು ನನ್ನ ಕೈಲಾಗೋ ಕೆಲಸವಲ್ಲ."

'ಹೂಂ' ಅಂದರೆ ಸಾಕು, ಇದ್ದಿಲು ಜೀವನಪೂರ್ತಿ ಭದ್ರ. ಅವಳು ಸುತ್ತ ನೋಡಿದಳು. ಅಕ್ಕಿ ಡಬ್ಬಿ, ಸೋಪಿನ ಡಬ್ಬಿ, ಪೊರಕೆ ಮೂಲೆ. ಅವನು ಮುಟ್ಟದ ಜಾಗ ಹುಡುಕಹೊರಟರೆ ಇಡೀ ಮನೆಯೇ ಭದ್ರ. ಅವನು ಏನೂ ಮುಟ್ಟುವುದಿಲ್ಲ ಎಂಬುದನ್ನೇ ನಂಬಿ ಕೂತ ಜಾಣೆ ತಾನೇ!

ಅವಳು ಹೂಂ ಅನ್ನಲಿಲ್ಲ. ಇದ್ದಿಲನ್ನು ತನ್ನ ಚೀಲಕ್ಕೆ ಹಾಕಿದಳು. ಡಬ್ಬಿ ತೊಳೆದು, ಚಹಾಪುಡಿ ತುಂಬಿ, ಅವನ ಕೈಗೆಟುಕುವಲ್ಲಿಟ್ಟಳು. ಆಮೇಲೆ ಕೋಣೆಗೆ ಹೋಗಿ, ತನ್ನ ತಲೆದಿಂಬಿನ ಪಕ್ಕದ ಅಲಾರಂ ಗಡಿಯಾರವನ್ನು ತೆಗೆದು ಅವನ ತಲೆದಿಂಬಿನ ಪಕ್ಕಕ್ಕಿಟ್ಟಳು.