ಮಾಳಿಗೆಗೆ ಎರಡು ಗಾಡಿ ಮಣ್ಣು

ಕಂಪ್ಲಿಯ ತಾಲ್ಲೂಕು ಬೋರ್ಡ್ ಶಾಲೆಯ ಪುರಂದರ ಮಾಸ್ತರರು ದೇವರಲ್ಲಿ ಬೇರೇನನ್ನೂ ಕೇಳುವುದನ್ನು ಬಿಟ್ಟಿದ್ದರು. ಮಳೆ ಬರುವಾಗ ಒಮ್ಮೆಯಾದರೂ ನಿದ್ದೆ ಮಾಡಬೇಕು, ಅಷ್ಟೇ. ಬಾಡಿಗೆ ಮನೆಯಲ್ಲಿ ಏಳು ಮಳೆಗಾಲ ಕಳೆದಿದ್ದರು. ಏಳರಲ್ಲೂ ಮಣ್ಣಿನ ಮಾಳಿಗೆ ಸೋರಿತ್ತು. ಗುಡುಗಿತೆಂದರೆ ಗಂಡಹೆಂಡಿರು ಎದ್ದು ಕೊಳಗ, ತಪ್ಪೇಲಿ, ತಂಬಿಗೆಗಳನ್ನೆಲ್ಲ ಹನಿಯ ಕೆಳಗಿಡಬೇಕು, ತುಂಬಿದ್ದನ್ನು ಹೊರಗೆ ಚೆಲ್ಲಬೇಕು. ಹೀಗೆ ಬೆಳಗು ಮಾಡಿ ಶಾಲೆಗೆ ಹೋದವರು ಮಗ್ಗಿ ಹೇಳಿಸುತ್ತ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಹೋದ ವರ್ಷ ಇನ್ಸ್‌ಪೆಕ್ಟರು ಅದನ್ನು ಕಣ್ಣಾರೆ ಕಂಡು, ಇನ್ನೊಮ್ಮೆ ಕಂಡರೆ ಕೆಲಸಕ್ಕೇ ಸಂಚಕಾರ ಎಂದು ಹೇಳಿ ಹೋಗಿದ್ದರು.

ಮನೆಯ ಮಾಲಿಕ ಕೊಟ್ರಬಸಪ್ಪನವರು ಅದೇ ಓಣಿಯ ತುದಿಯಲ್ಲಿದ್ದರು. ಹೇಳಲು ಹೋದಾಗಲೆಲ್ಲ ಒಂದೇ ಮಾತು: "ನಮ್ಮ ಮನೀನೂ ಸೋರ್ತೈತ್ರೀ ಮಾಸ್ತರ. ನಾವೇನ್ ಅಳಾಕ್ಹತ್ತೀವೇನು?"

ಸಾಕಾಗಿ ಹೋಯಿತು. ಮುಂಗಾರಿನ ಮಿರಗದ ಮಳೆಗೆ ಇನ್ನು ಮೂರು ದಿನ ಎನ್ನುವಾಗ, ಒಂದು ರವಿವಾರ, ಮಾಸ್ತರರು ತಾವೇ ಎರಡು ಗಾಡಿ ಸವಳು ಮಣ್ಣು ತರಿಸಿದರು. ಮಾಳಿಗೆಯ ಮೇಲೆ ಹರಡಿ ಚೆನ್ನಾಗಿ ತುಳಿದರೆ ಆ ಮಣ್ಣು ಹನಿ ನೀರನ್ನೂ ಕೆಳಗೆ ಬಿಡುವುದಿಲ್ಲ. ಕೆಲಸಕ್ಕೆ ಕೂಲಿಯಾಳು ಪಾಲಪ್ಪ ಬಂದ.

ಅವನು ಬುಟ್ಟಿ ಹೊತ್ತು ಏಣಿ ಹತ್ತಿದ್ದೇ ತಡ, ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಇಡುತ್ತಿದ್ದ ಉಚ್ಚೆಂಗಮ್ಮ ಸಂಡಿಗೆ ಬಿಟ್ಟು ಎದ್ದು ಬಂದಳು.

"ಹಂಗಲ್ಲೋ ಪಾಲಪ್ಪ! ಮೊದ್ಲು ಹಳೇ ಮಣ್ಣು ಕೆರಿ!"

ಪಾಲಪ್ಪ ಕೆರೆದ.

"ಅಯ್ಯ, ಅಷ್ಟ್ಯಾಕ ಕೆರದ್ಯೋ? ಜಂತಿ ಕಾಣಾಕ್ಹತ್ಯಾವಲ್ಲೋ!"

"ಯವ್ವಾ, ನೀನರ ಮಾಡು, ಇಲ್ಲಾ ನನಗರ ಬಿಡು!" ಎಂದು ಅವಳತ್ತ ಮುಖ ಮಾಡಿಕೊಂಡೇ ಪಾಲಪ್ಪ ತುಂಬಿದ ಬುಟ್ಟಿಯೊಂದಿಗೆ ಹಿಂದೆ ಸರಿದ. ಹಿಂದೆ ಬೆಳಕಿಂಡಿ ಇತ್ತು. ಅವನ ಒಂದು ಕಾಲು ಅದರಲ್ಲಿ ಇಳಿಯಿತು. ಬುಟ್ಟಿ ಮಗುಚಿತು. ಬೆಳಕಿಂಡಿಯ ಕೆಳಗೆ ಮಾಸ್ತರರ ಹೆಂಡತಿ ಸರಸ್ವತೀಬಾಯಿಯವರು ಮಡಿಯಲ್ಲಿ ಹುಳಿ ಕುದಿಸುತ್ತಿದ್ದರು.

"ರೀ! ಬಂದು ನೋಡ್ರಿ ಇಲ್ಲಿ!"

ಮಾಸ್ತರರು ಓಡಿದರು. ಹುಳಿಯ ಪಾತ್ರೆಯ ತುಂಬ ಮಣ್ಣು, ಹೆಂಡತಿಯ ತಲೆಯ ತುಂಬ ಮಣ್ಣು, ಮೇಲಿನಿಂದ ಪಾಲಪ್ಪನ ಕಾಲೊಂದು ಜೋತಾಡುತ್ತಿತ್ತು.

"ಮಾಳಗಿಗೆ ಹಾಕಂದ್ರ ಹುಳಿಗೆ ಹಾಕ್ಯಾನ. ಮಡಿ ಹೋತು, ಅಡಗಿ ಹೋತು. ಇವತ್ತು ಏಕಾದಶಿ ಅಂತ ತಿಳ್ಕೊಂಡು ಸುಮ್ನಿರ್ರಿ," ಎಂದರು ಆಕೆ.

ಮಾಸ್ತರರು ಹೊರಗೆ ಬರುವಷ್ಟರಲ್ಲಿ ಪಾಲಪ್ಪ ಕಾಲು ಎಳೆದುಕೊಂಡು, ಏಣಿ ಇಳಿದು, ಪರಾರಿ. ನದಿಯ ಕಡೆಯಿಂದ ಕರಿಮೋಡ ಏಳುತ್ತಿತ್ತು. ಮೂರು ದಿನ ಎಂದಿದ್ದ ಮಳೆಗೆ ಪಂಚಾಂಗ ನೋಡುವ ತಾಳ್ಮೆ ಇರಲಿಲ್ಲ. ಅರ್ಧ ಕೆರೆದ ಮಾಳಿಗೆ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಇನ್ನೇನು ಮಾಡುವುದು? ಮಾಸ್ತರರು ಪಂಚೆ ಎತ್ತಿ ಕಟ್ಟಿ ತಾವೇ ಬುಟ್ಟಿ ಹೊತ್ತರು.

ಹತ್ತನೆಯ ಬುಟ್ಟಿಗೆ ಸೊಂಟ ಹಿಡಿಯಿತು. ಇಪ್ಪತ್ತನೆಯದಕ್ಕೆ ತಮ್ಮ ಹೆಸರೇ ಮರೆತಂತಾಯಿತು. ಓಣಿಯವರೆಲ್ಲ ಕೆಳಗೆ ನೆರೆದು "ಆ ಮೂಲಿಗೆ ಹಾಕ್ರಿ", "ಈ ಮೂಲಿಗೆ ಹಾಕ್ರಿ" ಎಂದು ಕೂಗಿದರು. ಒಬ್ಬನೂ ಬುಟ್ಟಿಗೆ ಕೈ ಹಚ್ಚಲಿಲ್ಲ. ನಿಂತು ನೋಡುವವರಿಗೆ ಎಲ್ಲ ಕೆಲಸವೂ ಹಗುರವೇ ಬಿಡಿ.

"ಕಾಲೆತ್ತಿ ತುಳೀರಿ ಮಾಸ್ತರ! ಹೂವಿನ ಮ್ಯಾಲ ನಡದಂಗ ನಡೀತೀರಲ್ಲ!" ಎಂದಳು ಉಚ್ಚೆಂಗಮ್ಮ.

ಮಾಸ್ತರರು ತುಳಿದರು. ಇನ್ಸ್‌ಪೆಕ್ಟರನ್ನು ನೆನೆದು ತುಳಿದರು, ಕೊಟ್ರಬಸಪ್ಪನವರನ್ನು ನೆನೆದು ಇನ್ನಷ್ಟು ಜೋರಾಗಿ ತುಳಿದರು. ಕೊನೆಯ ಮೂಲೆ ತುಳಿದು, ಬೆಳಕಿಂಡಿಯ ಮೇಲೆ ಕಲ್ಲುಚಪ್ಪಡಿ ಎಳೆಯುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು.

ಮಳೆ ಎಂದರೆ ಅಂಥಿಂಥ ಮಳೆಯಲ್ಲ, ಗಾಳಿ ಸಹಿತ ಹೊಡೆಯಿತು. ಗಂಡಹೆಂಡಿರು ತಲೆ ಮೇಲೆತ್ತಿ ಅರ್ಧ ತಾಸು ಕಾದರು. ಒಂದೇ ಒಂದು ಹನಿ ಇಳಿಯಲಿಲ್ಲ. ಸರಸ್ವತೀಬಾಯಿಯವರು ಹುಳಿಯ ದುಃಖ ಮರೆತು ನಕ್ಕರು. ಮಾಸ್ತರರ ಕಣ್ಣಲ್ಲಿ ನೀರು ಬಂತು. ನಡುಮನೆಯಲ್ಲಿ ಚಾಪೆ ಹಾಸಿ, ಕೈಕಾಲು ಚಾಚಿ, ಕಣ್ಣು ಮುಚ್ಚಿದರು.

ಬಾಗಿಲು ಬಡಿದ ಸದ್ದಾಯಿತು. ಕಂಬಳಿ ಗೊಪ್ಪೆ ಹಾಕಿಕೊಂಡು ಕೊಟ್ರಬಸಪ್ಪನವರು ಒಳಗೆ ಬಂದರು. ನಡುಮನೆ, ಅಡಿಗೆಮನೆ, ದೇವರಮನೆಯ ಬಾಗಿಲು, ಎಲ್ಲ ಕಡೆ ಜಂತೆ ನೋಡಿದರು, ಗೋಡೆ ಸವರಿದರು.

"ಒಂದ್ ಹನೀನೂ ಇಲ್ಲಲ್ರೀ!"

"ಇಲ್ರೀ," ಎಂದರು ಮಾಸ್ತರರು ಹೆಮ್ಮೆಯಿಂದ.

"ನಮ್ಮ ಮನಿ ಹದಿನೆಂಟು ಕಡೆ ಸೋರಾಕ್ಹತ್ತೈತ್ರೀ. ಮನ್ಯಾಗ ಬಾಣಂತಿ ಅದಾಳ, ಹಸುಗೂಸು ಐತಿ." ಕೊಟ್ರಬಸಪ್ಪನವರು ಚಾಪೆಯ ತುದಿಯಲ್ಲಿ ಕುಳಿತರು. "ಮನಿ ನಂದ ಹೌದಲ್ರೀ ಮಾಸ್ತರ?"

"ಹೌದ್ರೀ..."

"ಹಂಗಾದ್ರ ನಾವು ಇಲ್ಲಿಗೆ ಬರ್ತೀವಿ. ನೀವು ಅಲ್ಲಿಗೆ ಹೋಗ್ರಿ. ಅದು ದೊಡ್ಡ ಮನಿ, ಆದ್ರೂ ಬಾಡಿಗಿ ಅಷ್ಟ ಕೊಡ್ರಿ, ಸಾಕು."

"ಅದು ಸೋರ್ತದಲ್ರೀ?"

"ಅದಕ್ಕ ನಿಮಗ ಕೊಡೂದು! ಮಾಳಗಿ ಕೆಲಸ ನಿಮ್ಮಷ್ಟು ಚೊಲೋ ಯಾರು ಮಾಡ್ತಾರ್ರೀ ಈ ಓಣ್ಯಾಗ?"

ಸರಸ್ವತೀಬಾಯಿಯವರು ಒಳಗೆ ಹೋದರು. ಕೊಳಗ ತಪ್ಪೇಲಿಗಳನ್ನು ಜೋಡಿಸುವ ಸದ್ದು ಕೇಳಿಸಿತು. ಮಾಸ್ತರರಿಗೆ ಜಗಳವಾಡಲೂ ತ್ರಾಣವಿರಲಿಲ್ಲ.

"ಅಲ್ರೀ, ಮಳಿ ನಿಲ್ಲೂತನಕ ಆದ್ರೂ ಇಲ್ಲಿ ಮಲಗ್ಲೇನು?"

"ಅಯ್ಯ, ಮಲಗ್ರಿ ಮಲಗ್ರಿ," ಎಂದರು ಕೊಟ್ರಬಸಪ್ಪನವರು ಧಾರಾಳವಾಗಿ. "ನಮ್ಮ ಸಾಮಾನಿನ ಗಾಡಿ ಇನ್ನೂ ಓಣಿ ನಡುವ ಐತಿ."